ಸಮುದ್ರದ ಹರಕೆ

ಅರುಣಾಳ ದೇವರುಗಳೆಲ್ಲ ಬೆಟ್ಟದ ತುದಿಯಲ್ಲೋ ಹೊಳೆಯ ದಂಡೆಯಲ್ಲೋ ಇರುವವರೇ. ಬಯಲುಸೀಮೆಯ ದೇವರಿಗೆ ಅವಳು ಒಂದು ಸಲವೂ ಹರಕೆ ಹೊತ್ತವಳಲ್ಲ. ಮಗ ಸಿದ್ಧಾರ್ಥನಿಗೆ ಆರನೇ ವಯಸ್ಸಿನಲ್ಲಿ ಡೆಂಗ್ಯೂ ಜ್ವರ ಬಂದಾಗ ಹೊರನಾಡಿಗೆ ಹೊತ್ತಳು. ಮೈದುನ ಲಕ್ಷ್ಮೀಕಾಂತ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ತೋಟದಲ್ಲಿ ಬೋರ್ ಕೊರೆಸಿದಾಗ ಕಿಗ್ಗಕ್ಕೆ ಹೊತ್ತಳು. ಅಲ್ಲಿಂದ ಸಿರಿಮನೆ ಜಲಪಾತ ಹತ್ತಿರವೆಂದು ಅವಳಿಗೆ ಮೊದಲೇ ಗೊತ್ತಿತ್ತು. ನಾದಿನಿಗೆ ಮಗುವಾಗಲೆಂದು ಹೊತ್ತದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ; ಅಲ್ಲಿ ಮಂಜು ಚೆನ್ನಾಗಿರುತ್ತದೆ.

ಸತ್ಯ ಹೇಳಬೇಕೆಂದರೆ ಇವು ಯಾವುವೂ ಹರಕೆಗಳಲ್ಲ. ಜ್ವರ ಬಿಟ್ಟ ಮೇಲೆ, ನೀರು ಬಂದ ಮೇಲೆ, ಹೆರಿಗೆ ಆದ ಮೇಲೆ, ಮನೆಯವರು ಖುಷಿಯಲ್ಲಿರುವ ಹೊತ್ತು ನೋಡಿ, “ನಾನೊಂದು ಹರಕೆ ಕಟ್ಕೊಂಡಿದ್ದೆ” ಎಂದು ಮೆಲ್ಲಗೆ ಬಾಯಿ ಬಿಡುತ್ತಿದ್ದಳು. ಪಾಪ, ಅವಳಾದರೂ ಏನು ಮಾಡಿಯಾಳು? ಗಂಡನ ಮನೆಯಲ್ಲಿ ಸುಮ್ಮಸುಮ್ಮನೆ ಎಲ್ಲಿಗೂ ಹೋಗುವ ಪದ್ಧತಿಯೇ ಇಲ್ಲ. ಮದುವೆಗೆ ಹೋಗುತ್ತಾರೆ, ತಿಥಿಗೆ ಹೋಗುತ್ತಾರೆ, ದೇವರಿಗೆ ಹೋಗುತ್ತಾರೆ. ಗುಡ್ಡ ನೋಡುವುದಕ್ಕೆಂದು ಹೊರಟರೆ ಮಾಡಲು ಬೇರೆ ಕೆಲಸವಿಲ್ಲವೇ ಎನ್ನುತ್ತಾರೆ. ಗಂಡ ಗಂಗರಾಜು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ರಜೆ ಕೇಳುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ದೇವರ ಹೆಸರು ಬಂದರೆ ಮಾತ್ರ ತೆಪ್ಪಗೆ ರಜೆ ಹಾಕುತ್ತಾನೆ.

ಅರುಣಾ ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಾಳೆ. ದಿನಾ ಬೆಳಿಗ್ಗೆ ತುಮಕೂರಿನಿಂದ ಬಸ್ಸು, ಸಂಜೆ ವಾಪಸ್ಸು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಮಂಗಳೂರಿನ ಬೋರ್ಡು ಹಾಕಿಕೊಂಡ ಬಸ್ಸು ಕಂಡರೆ ಸಾಕು, ಅವಳ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಒಂದು ದಿನ ಹತ್ತಿಯೂ ಬಿಟ್ಟಿದ್ದಳು. ಕಂಡಕ್ಟರು “ಎಲ್ಲಿಗಮ್ಮ?” ಎಂದಾಗ “ಬೋರ್ಡ್ ನೋಡ್ಲಿಲ್ಲ ಸಾರ್” ಎಂದು ಇಳಿದು ಬಂದು, ಒಂಬತ್ತನೇ ತರಗತಿಗೆ ಪಶ್ಚಿಮ ಕರಾವಳಿಯ ಪಾಠ ಮಾಡಿದಳು. ಅವತ್ತೆಲ್ಲ ಅವಳಿಗೆ ಮಕ್ಕಳ ಮೇಲೆ ವಿನಾಕಾರಣ ಸಿಟ್ಟು.

ಈ ಸಲ ಅವಳಿಗೆ ಬೇಕಾಗಿದ್ದದ್ದು ಮರವಂತೆ. ಮದುವೆಯಾದ ಹೊಸತರಲ್ಲಿ ಕೊಲ್ಲೂರಿಗೆ ಹೋಗುವಾಗ ವ್ಯಾನು ಅಲ್ಲಿ ಹತ್ತು ನಿಮಿಷ ನಿಂತಿತ್ತು. ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ. ಸಮುದ್ರ ನೋಡುತ್ತಾ ನಿಂತವಳು ನದಿಯ ಕಡೆ ತಿರುಗುವಷ್ಟರಲ್ಲಿ, ಮಂಗಳಾರತಿ ತಪ್ಪಿಹೋಗುತ್ತದೆಂದು ಎಲ್ಲರೂ ಕೂಗಿ ಕರೆದಿದ್ದರು. ಆ ನದಿಯನ್ನು ಅವಳು ಸರಿಯಾಗಿ ನೋಡಲೇ ಇಲ್ಲ. ಹತ್ತೊಂಬತ್ತು ವರ್ಷದಿಂದ ಅದು ಅವಳ ಬೆನ್ನ ಹಿಂದೆಯೇ ಹರಿಯುತ್ತಿದೆ.

ಹೋದ ತಿಂಗಳು ಗಂಗರಾಜುವಿನ ಕಿಡ್ನಿಯ ಕಲ್ಲು ಆಪರೇಷನ್ ಇಲ್ಲದೆಯೇ ಬಿದ್ದುಹೋಯಿತು. ಮಾರನೆಯ ದಿನವೇ ಅರುಣಾ, ತಾನು ಕೊಲ್ಲೂರಿಗೆ ಹರಕೆ ಕಟ್ಟಿಕೊಂಡಿದ್ದೆನೆಂದಳು. ಅತ್ತೆ ಪುಟ್ಟಗಂಗಮ್ಮ ಕೈಮುಗಿದು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯವನ್ನು ಮುಡಿಪು ಕಟ್ಟಿ ದೇವರ ಮುಂದಿಟ್ಟರು. ಅರುಣಾ ಮೊಬೈಲಿನ ಮ್ಯಾಪಿನಲ್ಲಿ ಮರವಂತೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ದಸರಾ ರಜೆಗೆ ದಿನ ಎಣಿಸತೊಡಗಿದಳು.

ಭಾನುವಾರ ಬೆಳಿಗ್ಗೆ ಲಕ್ಷ್ಮೀಕಾಂತ ಹಾಗಲವಾಡಿಯಿಂದ ತುಮಕೂರಿನ ಶಿರಾ ಗೇಟಿನ ಇವರ ಮನೆಗೆ ಬಂದ. ಹೆಂಡತಿಯ ತವರಿನವರ ಜೊತೆ ಬುಧವಾರ ಕೊಲ್ಲೂರಿಗೆ ಹೊರಟಿದ್ದಾನಂತೆ. ಬಾಡಿಗೆ ಕಾರು ಭರ್ತಿ.

“ಒಳ್ಳೇದಾಯ್ತು ಬುಡು,” ಎಂದರು ಪುಟ್ಟಗಂಗಮ್ಮ. “ಮುಡಿಪು ತಗೊಂಡೋಗಿ ಹುಂಡಿಗೆ ಹಾಕ್ಬುಡು. ಗಂಗಂಗೂ ರಜ ಇಲ್ಲ, ಇವಳ್ಗೂ ಇಸ್ಕೂಲು. ಮುಡಿಪು ಹೋದ್ರೆ ಹರಕೆ ತೀರ್ದಂಗೇ.”

ದೇವರಿಗೆ ಮುಡಿಪು ಬಂದರೆ ಸಾಕು, ಮನುಷ್ಯರು ಬರಬೇಕಾಗಿಲ್ಲ ಎಂಬುದು ಇಷ್ಟು ವರ್ಷದಲ್ಲಿ ಅರುಣಾಳಿಗೆ ಹೊಳೆದೇ ಇರಲಿಲ್ಲ.

“ನಾನೇ ಹೋಗಿ ಹಾಕ್ಬೇಕು ಅತ್ತೆ.”

“ಯಾರ್ ಹಾಕಿದ್ರೇನಮ್ಮ? ಅಮ್ಮನೋರ್ಗೆ ಮುಟ್ಟುದ್ರೆ ಆಯ್ತು.”

ಲಕ್ಷ್ಮೀಕಾಂತ ಆಗಲೇ ಗಂಟನ್ನು ಜೇಬಿಗಿಟ್ಟುಕೊಂಡಿದ್ದ. “ನೀವೇನೂ ಯೋಚ್ನೆ ಮಾಡ್ಬೇಡಿ ಅತ್ತಿಗೆ, ನಿಮ್ಮ ಹೆಸ್ರಲ್ಲೇ ಅರ್ಚನೆ ಮಾಡುಸ್ತೀನಿ” ಎಂದು ಬೈಕ್ ಹತ್ತಿ ಹೊರಟೇ ಹೋದ.

ಅರುಣಾ ಅಡುಗೆಮನೆಗೆ ಹೋದಳು, ಹಾಲಿಗೆ ಬಂದಳು, ಒಗೆದಿದ್ದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು. ಇನ್ನೊಂದು ಹರಕೆ ಹುಟ್ಟಿಸೋಣವೆಂದರೆ ಮನೆಯಲ್ಲಿ ಸದ್ಯಕ್ಕೆ ಯಾರಿಗೂ ಕಾಯಿಲೆಯಿಲ್ಲ. ಯಾರಿಗಾದರೂ ಒಂದಿಷ್ಟು ಜ್ವರವಾದರೂ ಬರಬಾರದೇ ಎಂದು ಅವಳ ಮನಸ್ಸು ಒಂದು ಗಳಿಗೆ ಬಯಸಿಬಿಟ್ಟಿತು. ಬಯಸಿದ್ದೇ ತಡ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನೆಟ್ಟಗೆ ಹೋಗಿ, ಸೊಪ್ಪು ಸೋಸುತ್ತಿದ್ದ ಅತ್ತೆಯ ಎದುರು ಕುಳಿತಳು.

“ಅತ್ತೆ, ನಾನ್ ಹರಕೆ ಕಟ್ಕೊಂಡೇ ಇರ್ಲಿಲ್ಲ. ನಂಗೆ ಸಮುದ್ರ ನೋಡ್ಬೇಕಿತ್ತು. ಹಿಂದಿನವೂ ಅಷ್ಟೇ. ಬೆಟ್ಟ, ಜಲಪಾತ ನೋಡೋ ಆಸೆ. ಸುಮ್ನೆ ಹೋಗ್ತೀನಿ ಅಂದ್ರೆ ಯಾರ್ ಕಳಿಸ್ತಿದ್ರು?”

ಪುಟ್ಟಗಂಗಮ್ಮನ ಕೈ ನಿಂತಿತು. “ಹೊರನಾಡಿಂದೂ ಸುಳ್ಳಾ?”

“ಹೂಂ.”

ಪುಟ್ಟಗಂಗಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

“ಮೊಮ್ಮಗ ಉಳ್ಕೊಂಡ್ನಲ್ಲ, ನಿನ್ನ ಹರಕೆ ಜೊತೆಗೆ ನಂದೂ ಒಂದಿರ್ಲಿ ಅಂತ, ಅವತ್ತಿಂದ ಕಾಫಿ ಬಿಟ್ಟೆ ಕಣಮ್ಮ. ಹನ್ನೊಂದ್ ವರ್ಷ ಆಯ್ತು.”

ಗ್ಯಾಸ್ಟ್ರಿಕ್ಕಿಗೆಂದು ಬಿಟ್ಟಿದ್ದಾರೆಂದು ಮನೆಯವರೆಲ್ಲ ತಿಳಿದಿದ್ದರು. ಅರುಣಾ ತಟ್ಟನೆ ಎದ್ದಳು. “ಈಗ್ಲೇ ಮಾಡ್ಕೊಡ್ತೀನಿ, ಕುಡೀರಿ ಅತ್ತೆ. ಆ ಹರಕೆ ಇರ್ಲೇ ಇಲ್ವಲ್ಲ.”

“ನಿಂದ್ ಇರ್ಲಿಲ್ಲ. ನಂದಿತ್ತಲ್ಲ,” ಎಂದು ಪುಟ್ಟಗಂಗಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರೂವರೆಗೆ ಭಾನುವಾರದ ಶಿಫ್ಟ್ ಮುಗಿಸಿಕೊಂಡು ಗಂಗರಾಜು ಬಂದ. ಊಟಕ್ಕೆ ಕುಳಿತವನ ಮುಂದೆ ಅರುಣಾ ಸಾರಿನ ಸೌಟು ಹಿಡಿದೇ ನಿಂತಳು.

“ರೀ, ದಸರಾ ರಜದಲ್ಲಿ ನಾವು ಮರವಂತೆಗೆ ಹೋಗ್ಬೇಕು.”

ಗಂಗರಾಜು ತಟ್ಟೆಯಿಂದ ತಲೆ ಎತ್ತಲಿಲ್ಲ. “ಇನ್ನೊಂದ್ ಹರಕೇನಾ?”

“ಅಲ್ಲ.”

“ಮತ್ತೆ ಅಲ್ಲೇನಿದೆ?”

“ಈ ಕಡೆ ಸಮುದ್ರ. ಆ ಕಡೆ ನದಿ.”

“ಅದನ್ನ ನೋಡಕ್ಕೆ ಅಷ್ಟು ದೂರನಾ? ರಜ ಕೇಳುವಾಗ ಏನಂತ ಹೇಳ್ಲಿ?”

ಅರುಣಾಳ ನಾಲಿಗೆಯ ತುದಿಗೆ ಒಂದು ದೇವರ ಹೆಸರು ಬಂದೇಬಿಟ್ಟಿತ್ತು, ನುಂಗಿಕೊಂಡಳು.

ಸೊಪ್ಪಿನ ಮೊರ ಎತ್ತಿಕೊಂಡು ಹೋದಾಗಿನಿಂದ ಸೊಸೆಯೊಡನೆ ಮಾತಾಡದಿದ್ದ ಪುಟ್ಟಗಂಗಮ್ಮ ರೂಮಿನೊಳಗಿನಿಂದಲೇ ಹೇಳಿದರು.

“ಆಸೆ ಅಂತ ಹೇಳ್ಲಾ ಗಂಗ. ಹೆಂಡ್ತಿಗೆ ಆಸೆ ಆಗೈತೆ, ಅಷ್ಟೇ ಅಂತ ಹೇಳು.”