ಆಟೋಗೆ ತಿರುಗಿಸದ ಸ್ವಿಚ್ಚು

ಮೊಬೈಲ್ ಟವರಿನ ಬ್ಯಾಟರಿ, ಜನರೇಟರ್ ನೋಡಿಕೊಳ್ಳೋದು ನನ್ನ ಕೆಲಸ. "ಊರಿಗೆಲ್ಲ ಕರೆಂಟು ಹೋಗಲಿ, ನನ್ನ ಟವರ್ ಮಲಗಲ್ಲ" ಅಂತ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳೋದು ಸಂಬಳ ಇಲ್ಲದೆ ಮಾಡೋ ಕೆಲಸ.

ಹೋದ ವರ್ಷ ಅಕ್ಕನ ಮನೆಗೆ ನಾನೇ ಇನ್ವರ್ಟರ್ ಜೋಡಿಸಿ, ನೆಂಟರೆದುರು ಭಾಷಣ ಬಿಗಿಯುತ್ತಿದ್ದಾಗ ಟಪ್ ಅಂತ ಫ್ಯೂಸ್ ಹೋಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ. ಅವಳೇ ಮೊದಲು ಮಾತಾಡಲಿ ಅಂತ ನನ್ನ ಹಟ.

ಕೊನೆಗೆ ಅಮ್ಮ ನಡುವೆ ಬಂದಳು. "ಇವತ್ತು ಮಧ್ಯಾಹ್ನ ಅವಳೇ ಫೋನ್ ಮಾಡ್ತಾಳೆ. ಇದೇ ಮೊದಲು, ಇದೇ ಕೊನೆ ಅಂದಿದಾಳೆ. ಬಿಗುಮಾನ ತೋರಿಸಿದೆಯೋ, ಅಕ್ಕನ್ನ ಮರೆತುಬಿಡು."

ಆ ಬೆಳಿಗ್ಗೆ ಟವರಿನಲ್ಲಿ ಬ್ಯಾಟರಿ ಪರೀಕ್ಷೆ ಇತ್ತು. ಜನರೇಟರ್ ತಾನಾಗೇ ಶುರುವಾಗದ ಹಾಗೆ ಸ್ವಿಚ್ಚನ್ನ 'ಆಟೋ'ದಿಂದ 'ಮ್ಯಾನುಯಲ್'ಗೆ ತಿರುಗಿಸಿ, ಕರೆಂಟು ತೆಗೆದು, ಬ್ಯಾಟರಿ ಎಷ್ಟು ಹೊತ್ತು ತಾಳುತ್ತೆ ಅಂತ ನೋಡಬೇಕು. ಬ್ಯಾಟರಿ ಚೆನ್ನಾಗೇ ತಾಳಿತು, ಬಹುಪಾಲು ಖಾಲಿಯೂ ಆಯಿತು. ಮತ್ತೆ ಕರೆಂಟು ಕೊಟ್ಟು, ಅಕ್ಕನಿಗೆ ಎಷ್ಟು ಗತ್ತಿನಿಂದ 'ಹಲೋ' ಅನ್ನಬೇಕು ಅಂತ ಅಭ್ಯಾಸ ಮಾಡುತ್ತಾ ಮನೆಗೆ ಬಂದೆ.

ಊಟಕ್ಕೆ ಕೂತಾಗ ಊರಿನ ಕರೆಂಟು ಹೋಯಿತು. "ನನ್ನ ಟವರ್ ಇದೆಯಲ್ಲ" ಅಂತ ಹೆಂಡತಿಗೆ ಅಂದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ! ಕಾದು ಕೂತಿದ್ದೆ ಅಂತ ಗೊತ್ತಾಗಬಾರದಲ್ಲ, ಸ್ವಲ್ಪ ಬಡಿಯಲಿ ಅಂತ ಬಿಟ್ಟು ಎತ್ತಿದೆ.

"ಹೇಗಿದೀಯೋ?" ಅಂದಳು.

"ಹೂಂ" ಅಂದೆ. ಫೋನು ಕಟ್ಟಾಯಿತು. ಸಿಗ್ನಲ್ಲೇ ಇಲ್ಲ.

ಅಯ್ಯೋ, ಸ್ವಿಚ್ಚು! ವಾಪಸ್ ಆಟೋಗೆ ಹಾಕಿರಲಿಲ್ಲ; ಬ್ಯಾಟರಿ ಇನ್ನೂ ತುಂಬಿರಲಿಲ್ಲ, ಜನರೇಟರೂ ಶುರುವಾಗಿಲ್ಲ. ಎಂಜಲು ಕೈಯಲ್ಲೇ ಟವರಿಗೆ ಓಡಿದೆ. ಜನರೇಟರ್ ಶುರು ಮಾಡಿ ಸಿಗ್ನಲ್ಲಿಗೆ ಕಾಯುತ್ತಾ ನಿಂತೆ. ಬರೀ ಹೂಂ ಅಂದು ಫೋನ್ ಕುಕ್ಕಿದ ಅಂದುಕೊಂಡಿರ್ತಾಳೆ. ನೆಟ್‌ವರ್ಕ್ ಹೋಗಿತ್ತು ಅಂದರೆ ನಂಬುತ್ತಾಳಾ? ಅವಳ ಮುಂದೇನು ಕಮ್ಮಿ ಕೊಚ್ಚಿದ್ದೀನಾ! ಅಳು ಬಂತು. ನನಗೆ ಅಕ್ಕ ಬೇಕಿತ್ತು.

ಸಿಗ್ನಲ್ ಬಂದ ತಕ್ಷಣ ನಾನೇ ಫೋನ್ ಮಾಡಿದೆ. ಜನರೇಟರ್ ಸದ್ದಿಗೆ ಕೂಗಿಯೇ ಹೇಳಬೇಕಾಯಿತು, ಬೀದಿಗೆಲ್ಲ ಕೇಳಿಸಿತು.

"ಅಕ್ಕಾ, ಕಟ್ ಮಾಡಿದ್ದು ನಾನಲ್ಲ! ಅಂದರೆ, ನಾನೇ! ಸ್ವಿಚ್ಚು ಹಾಕೋದು ಮರೆತೆ, ನನ್ನ ಟವರೇ ಮಲಗಿಬಿಡ್ತು!"

ಆ ಕಡೆಯಿಂದ ನಗು. ಫ್ಯೂಸ್ ಹೋದ ದಿನದ್ದೇ ನಗು.

"ನಗು ಅಕ್ಕಾ, ನಿಲ್ಲಿಸಬೇಡ" ಅಂದೆ. ಈ ಸಲ ಮೆಟ್ಟಿಕೊಂಡು ಹೋಗೋಣ ಅಂದರೂ ಕಾಲಲ್ಲಿ ಚಪ್ಪಲಿ ಇರಲಿಲ್ಲ.