ಮುಮ್ತಾಜಬೇಗಂ ಹಾಕಿದ ಮಾಂಸ

ಕಾಡುಪ್ರಾಣಿಗಳ ಬಗ್ಗೆ ಹೇಳುವಷ್ಟು ತಿಳಿವಳಿಕೆ ನಮಗಿಲ್ಲ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು. ಆದರೂ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಸವಣೂರಿನ ಹತ್ತಿರ ಗೌಸಸಾಬನ ತೋಟದ ಮನೆ. ಒಂದು ಬೆಳಗ್ಗೆ ನಾಯಿಗಳು ಗೋವಿನಜೋಳದ ಹೊಲದಿಂದ ಚಿರತೆಯೊಂದನ್ನು ಅಟ್ಟಿಸಿಕೊಂಡು ಬಂದವು. ಅದು ಖಾಲಿಯಿದ್ದ ಆಡಿನ ಕೊಟ್ಟಿಗೆಗೆ ನುಗ್ಗಿತು. ಗೌಸಸಾಬ ಹೊರಗಿನಿಂದ ಅಗಳಿ ಜಡಿದ. ಅರಣ್ಯ ಇಲಾಖೆಗೆ ಫೋನು ಹೋಯಿತು. ಅಷ್ಟರಲ್ಲಿ ಅರ್ಧ ಊರೇ ಬಂದು ನೆರೆಯಿತು.

ಅವನ ಹೆಂಡತಿ ಮುಮ್ತಾಜಬೇಗಂಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗಿನ ಏದುಸಿರು ಕೇಳಿ ಕರುಳು ಚುರ್ ಎಂದಿತು. ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿ ಗೊತ್ತಿಲ್ಲದ ಹೆಣ್ಣುಮಗಳು. ಯಾರೂ ಕಾಣದಂತೆ ಹಿಂದಿನ ಕಿಟಕಿಯಿಂದ ಮಾಂಸ ಎಸೆದಳು.

ಇಲಾಖೆಯವರೊಂದಿಗೆ ವನ್ಯಜೀವಿ ವೈದ್ಯೆ ಅಂಕಿತಾ ಬಂದಾಗ ಗೌಸಸಾಬ ನಕ್ಕ. "ಎಮ್ಮಿಗೆ ಸೂಜಿ ಹಾಕೂ ಡಾಕ್ಟರಿಗೆ ಇಲ್ಲೇನು ಕೆಲಸ್ರಿ? ಬಲೆ ಒಗದು ಹಿಡದ್ರ ಆತು."

"ಬಲ್ಯಾಗ ಒದ್ದಾಡಿ ಸತ್ತ ಹೋಕ್ಕಾವ್ರಿ. ತೂಕ ನೋಡಿ ಅಮಲಿನ ಔಷಧ ಹೊಡೀಬೇಕು. ಕಮ್ಮಿ ಆದ್ರ ನಮ್ಮ ಮ್ಯಾಲೆ ಬೀಳತೈತಿ, ಜಾಸ್ತಿ ಆದ್ರ ಅದು ಏಳಂಗಿಲ್ಲ. ತಿನ್ನಾಕ ಏನರ ಹಾಕೀರೇನು?"

"ಏ, ಇಲ್ಲ ಬಿಡ್ರಿ!" ಎಂದಿತು ಗುಂಪು.

ಮುಮ್ತಾಜಬೇಗಂ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಎಲ್ಲರೆದುರು ಹೇಗೆ ಹೇಳುವುದು? ವೈದ್ಯೆ ಬಂದೂಕಿಗೆ ಔಷಧದ ಸೂಜಿ ಏರಿಸಿದರು.

"ತಡೀರಿ ಬಾಯಾರ! ಒಂದು ಕಿಲೋ ಮಾಂಸ ಹಾಕೇನಿ. ಈಗಷ್ಟ..."

"ನನಗ ಎರಡು ತುಂಡು, ಅದಕ್ಕ ಕಿಲೋನ?" ಎಂದ ಗೌಸಸಾಬ.

ವೈದ್ಯೆ ಬಂದೂಕು ಕೆಳಗಿಳಿಸಿದರು. "ಛಲೋ ಆತು ಹೇಳಿದ್ರಿ. ತುಂಬಿದ ಹೊಟ್ಟಿ ಮ್ಯಾಲೆ ಅಮಲು ಬಂದ್ರ, ವಾಂತಿ ಆಗಿ ಉಸಿರುಗಟ್ಟತೈತಿ. ಸಂಜಿತನಕ ಕಾಯೂನು. ಮೊದಲ ಈ ಗದ್ದಲ ನಿಲ್ಲಸ್ರಿ. ಅಂಜಿದ ಪ್ರಾಣಿಗೆ ಔಷಧ ಲಗೂನ ಹತ್ತಂಗಿಲ್ಲ."

ಗೌಸಸಾಬನೇ ಜನರನ್ನು ಹಿಂದೆ ಕಳಿಸಿದ. ಸಂಜೆ ಕಿಟಕಿಯಿಂದ ಹೊಡೆದ ಔಷಧ ಹತ್ತಿ ಚಿರತೆ ಮಲಗಿತು. ವೈದ್ಯೆ ಚಿರತೆಯ ಕಣ್ಣಿಗೆ ಬಟ್ಟೆ ಕಟ್ಟಿ, ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಾ ಕುಳಿತರು. ಮುಮ್ತಾಜಬೇಗಂ ತನ್ನ ಉಸಿರನ್ನೇ ಹಿಡಿದು ನಿಂತಿದ್ದಳು. ಇಲಾಖೆಯವರು ಚಿರತೆಯನ್ನು ತಾವು ತಂದ ಬೋನಿಗೆ ಸೇರಿಸಿದ ಮೇಲೆ, ಅದರ ಬಾಲ ಅಲುಗಿತು.

"ಬಲೆ ಸಾಕು ಅಂದಿದ್ದೆ. ನಂದು ತಪ್ಪಾತ್ರಿ," ಎಂದ ಗೌಸಸಾಬ. "ಎಲ್ಲಿ ಬಿಡ್ತೀರಿ?"

"ಗಾಯ, ರೋಗ ಐತೇನಂತ ನೋಡಿ, ಅದಕ್ಕ ತಕ್ಕ ಕಾಡಿನಾಗ. ಅಲ್ಲೂ ಬ್ಯಾರೆ ಚಿರತಿ ಇರತಾವು. ಜಗಳ ಆಗಬಹುದು. ಇದು ತಿರುಗಿನೂ ಬರಬಹುದು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾಡುಪ್ರಾಣಿ ಊರಿಗೆ ಬಂದರೆ ಗುಂಪು ಕಟ್ಟಬೇಡಿ, ಕಲ್ಲು ತೂರಬೇಡಿ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಕನಿಕರದಿಂದಲೂ ತಿನ್ನಲು ಹಾಕಬೇಡಿ. ಹಾಕಿದ್ದರೆ, ನಾಚದೆ ವೈದ್ಯರಿಗೆ ಹೇಳಿ.

ಆ ಚಿರತೆ ಹೊಸ ಕಾಡಿಗೆ ಹೊಂದಿಕೊಂಡಿತೋ ಇಲ್ಲವೋ, ನಮಗೆ ಗೊತ್ತಿಲ್ಲ.