ಎಣ್ಣೆ ಬಾಟಲಿಯ ಮುಚ್ಚಳ

ನಮ್ಮ ಮನೆಯವರದು ಕಟಿಂಗ್ ಅಂಗಡಿ. ಮೂವತ್ತೊಂದು ವರ್ಷದಿಂದ ಅದೇ ಬೀದಿ, ಅದೇ ಎರಡು ಕುರ್ಚಿ, ಅದೇ ಎದುರುಬದುರು ಕನ್ನಡಿ. ಕೂದಲು ಯಾರು ಬೇಕಾದರೂ ಕತ್ತರಿಸುತ್ತಾರೆ. ಜನ ಇವರನ್ನು ಹುಡುಕಿಕೊಂಡು ಬರುವುದು ತಲೆ ಮಾಲೀಷಿಗೆ. ಎರಡೂ ಹೆಬ್ಬೆರಳನ್ನು ಕತ್ತಿನ ಹಿಂದಿನ ಗುಳಿಗೆ ಇಟ್ಟು ಇವರು ಒಮ್ಮೆ ಒತ್ತಿದರೆ ಎಂಥ ಜಗಳಗಂಟನೂ ಕಣ್ಣು ಮುಚ್ಚಿ, ಬಾಯಿ ತೆರೆದು ಕೂತುಬಿಡುತ್ತಾನೆ. ಅದಕ್ಕೇ ಬೀದಿಯಲ್ಲಿ ಇವರಿಗೆ ಬೆರಳಣ್ಣ ಅಂತ ಹೆಸರು. ಊರಿನವರ ತಲೆಯೆಲ್ಲ ಇವರ ಕೈಯಲ್ಲಿ, ಇವರ ತಲೆ ಮಾತ್ರ ನನ್ನ ಕೈಯಲ್ಲಿ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಹೆಬ್ಬೆರಳು ಒಂದು ದಿನವೂ ನನ್ನ ತಲೆಯನ್ನು ಮುಟ್ಟಿರಲಿಲ್ಲ. ಹಗಲೆಲ್ಲ ನಿಂತು ಸುಸ್ತಾಗಿ ಬಂದ ಮನುಷ್ಯನನ್ನು ಹೇಗೆ ಕೇಳುವುದು? ದೀಪದ ಬುಡದಲ್ಲೇ ಕತ್ತಲು ಎಂದುಕೊಂಡು ಸುಮ್ಮನಿದ್ದೆ. ನನ್ನ ಪಾಲಿನ ಕೆಲಸ ಅಂಗಡಿಯ ಟವೆಲು. ದಿನಕ್ಕೆ ನಲವತ್ತು ಒಗೆದು, ಹಿಂಡಿ, ಒಣಗಿಸಿ, ಮಡಿಸಿ ಕಳಿಸುವುದು.

ಎಂಟು ತಿಂಗಳ ಹಿಂದೆ ಇವರ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಇವರು ಹೇಳಲಿಲ್ಲ, ನಾನೇ ನೋಡಿದೆ. ನೀರಿನ ಚೊಂಬು ಎಡಗೈಗೆ ಹೋಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಮೂರು ನಿಮಿಷವಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ, ಅಂಗಡಿಯ ಮಾಲೀಷಿಗೆಂದು ನಾನು ತುಂಬಿಸಿಟ್ಟ ಎಣ್ಣೆ ಬಾಟಲಿಯನ್ನು ಎರಡು ಮಂಡಿಯ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಮುಚ್ಚಳ ತಿರುವುತ್ತಿದ್ದರು. ಮುಖ ಕೆಂಪಗಾಗಿತ್ತು. ಕೈಗೇನಾಯಿತು ಎಂದು ಕೇಳಿದ್ದಕ್ಕೆ ಉರಿದುಬಿದ್ದರು. ಮೂಗಿನ ತುದಿಯಲ್ಲೇ ಕೋಪ, ಮೊದಲಿನಿಂದಲೂ ಹಾಗೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಅಂಗಡಿ ತುಂಬ ಕನ್ನಡಿ ಇಟ್ಟುಕೊಂಡವರಿಗೆ ಹೆಂಡತಿಗೂ ಎರಡು ಕಣ್ಣಿದೆ ಎನ್ನುವುದು ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ನಾನು ಬಾಟಲಿ ತುಂಬಿಸಿ, ಮುಚ್ಚಳ ಹಾಕಿ, ಮತ್ತೆ ಅರ್ಧ ಸುತ್ತು ಸಡಿಲ ಮಾಡಿ ಇಡತೊಡಗಿದೆ. ಇವರು ತೆಗೆದುಕೊಂಡು ಹೋದರು. ಅದರ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗೇ ಎಂಟು ತಿಂಗಳು ನಡೆಯಿತು.

ಅಷ್ಟರಲ್ಲಿ ಪೈಪು ಹಾಕಲು ನಮ್ಮ ಬೀದಿಯನ್ನು ಅಗೆದರು. ಹತ್ತು ದಿನ ಅಂಗಡಿ ಮುಚ್ಚಲೇಬೇಕಾಯಿತು. ಇದೇ ಸಮಯ ಎಂದು ಮಗಳು ಹಟ ಹಿಡಿದು ಕೂತಳು, ಅಪ್ಪ ಅಮ್ಮ ಇಬ್ಬರನ್ನೂ ಪ್ರವಾಸಕ್ಕೆ ಹೊರಡಿಸಿಯೇ ಬಿಟ್ಟಳು. ಅಟ್ಟದಿಂದ ದೊಡ್ಡ ಬ್ಯಾಗು ಇಳಿಸಿ ಒರೆಸುತ್ತಿದ್ದೆ. ತಳದಲ್ಲಿ ಒಂದು ರಟ್ಟು ಸಿಕ್ಕಿತು. 'ಅಂಗಡಿ ಬಿಟ್ಟುಕೊಡಲಾಗುವುದು. ಒಳಗೆ ವಿಚಾರಿಸಿ.' ಇವರದೇ ಬರಹ. ಅಚ್ಚು ಹಾಕಿದ ಹಾಗೆ ಬರೆಯುತ್ತಿದ್ದ ಮನುಷ್ಯನ ಅಕ್ಷರ ಒಂದೊಂದೂ ಒಂದೊಂದು ಕಡೆಗೆ ವಾಲಿತ್ತು. ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟೆ. ಆ ಅಂಗಡಿ ಬಿಟ್ಟರೆ ಇವರು ಉಳಿಯುವುದಿಲ್ಲ, ಅದು ನನಗೆ ಗೊತ್ತು. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಇಡೀ ಬೀದಿಗೆ ಬರೆದು ಹೇಳಲು ಹೊರಟವರು ನನಗೆ ಒಂದು ಮಾತು ಬಾಯಿಬಿಟ್ಟು ಹೇಳಿರಲಿಲ್ಲ.

ರಟ್ಟನ್ನು ಇದ್ದಲ್ಲೇ ಇಟ್ಟು, ಅದರ ಮೇಲೆ ಬಟ್ಟೆ ಜೋಡಿಸಿದೆ. ಹೋಗಲಿ, ಅದೂ ನಾಲ್ಕು ಊರು ನೋಡಲಿ. ಇವರ ತಲೆಗೆ ಬೇಕೆಂದು ಎಣ್ಣೆ ಬಾಟಲಿಯನ್ನೂ ಇಟ್ಟೆ, ಸೋರಿ ಬಟ್ಟೆ ಹಾಳಾದೀತೆಂದು ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ತಲುಪಿದ ಮೇಲೆ ಸಡಿಲ ಮಾಡಬೇಕು ಎಂದುಕೊಂಡವಳು ಮರೆತೆ.

ತಲುಪಿದ ಮರುದಿನ ಬೆಳಿಗ್ಗೆ ಬಾಟಲಿ ಹಿಡಿದು ಲಾಡ್ಜಿನ ಬಚ್ಚಲಿಗೆ ಹೋದವರು ಕಾಲು ಗಂಟೆ ಬರಲಿಲ್ಲ. ಬಂದಾಗ ತಲೆ ಒಣಗಿತ್ತು, ಬಲಗೈ ಕೆಂಪಾಗಿತ್ತು. ಇವತ್ತು ಸೆಕೆ, ಎಣ್ಣೆ ಬೇಡ ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ನನಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು. ಈಗ ಎದ್ದು ಹೋಗಿ ತೆಗೆದುಕೊಟ್ಟರೆ ಇವರ ಮಾನ ಹೋಗುತ್ತದೆ. ಕೊಡದಿದ್ದರೆ ಇವರ ತಲೆಗೆ ಎಣ್ಣೆಯಿಲ್ಲ. ಬಾಟಲಿ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

ಆ ಮಧ್ಯಾಹ್ನಕ್ಕೆ ಮಗಳು ಮನೆಯಿಂದಲೇ ಫೋನ್ ಮಾಡಿ ನಮ್ಮಿಬ್ಬರಿಗೂ ಥಾಯ್ ಮಸಾಜ್, ಅಂದರೆ ಥಾಯ್ ದೇಶದವರು ಮಾಡುವ ಮೈ ಮಾಲೀಷು, ಗೊತ್ತುಮಾಡಿಸಿದ್ದಳು. ಇವರಿಗೆ ಹಿಡಿಸಲೇ ಇಲ್ಲ. ಜೀವಮಾನವಿಡೀ ಜನರ ಮೈಗೆ ಕೈ ಹಾಕಿದವನು ನಾನು, ನನ್ನ ಮೈ ಇನ್ನೊಬ್ಬರ ಕೈಗೆ ಕೊಡುವುದೆಂದರೇನು ಎಂದು ದಾರಿಯುದ್ದಕ್ಕೂ ಗೊಣಗಿದರು. ಕೊನೆಗೆ, ಹೇಗೆ ಮಾಡುತ್ತಾರೋ ನೋಡಿಕೊಂಡು ಬರೋಣ ಎಂದು ಒಳಗೆ ಕಾಲಿಟ್ಟರು. ಹುಳುಕು ಹುಡುಕಲು ಹೋಗುವುದಾದರೆ ಇವರು ಎಲ್ಲಿಗೂ ಬರುತ್ತಾರೆ.

ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ತಗ್ಗು ಬೆಂಚಿನ ಮೇಲೆ ಕೂರಿಸಿ, ಬಿಸಿನೀರಿನ ಬೋಗುಣಿಯಲ್ಲಿ ಕಾಲು ತೊಳೆದರು. ನನ್ನ ಕಾಲಿಗೆ ಒಬ್ಬ ಹುಡುಗಿ, ಇವರ ಕಾಲಿಗೆ ಒಬ್ಬ ವಯಸ್ಸಾದ ಹೆಂಗಸು. ಸಣ್ಣ ಮೈ, ಬೆಳ್ಳಗಾದ ಕೂದಲು ಎತ್ತಿ ಕಟ್ಟಿದ ತುರುಬು. ಇವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಕೆ ನಕ್ಕು, ಹಿಮ್ಮಡಿ ಹಿಡಿದು ಮತ್ತೆ ನೀರಿಗೆ ಇಟ್ಟಳು. ಆಕೆಯ ಭಾಷೆ ನಮಗೆ ಬಾರದು, ನಮ್ಮದು ಆಕೆಗೆ ಬಾರದು. ಆದರೂ ಸುಮ್ಮನೆ ಕೂತ್ಕೋ ಎನ್ನುವುದು ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ.

ಹಾಕಿಕೊಳ್ಳಲು ಸಡಿಲವಾದ ಬಟ್ಟೆ ಕೊಟ್ಟರು. ಪೈಜಾಮ ಇಬ್ಬರು ಹಿಡಿಸುವಷ್ಟು ಅಗಲ, ಸುತ್ತಿ ಮಡಿಸಿ ಲಾಡಿ ಬಿಗಿಯಬೇಕು. ಪರದೆಯ ಹಿಂದೆ ಇವರು ಲಾಡಿಯ ಜೊತೆ ಗುದ್ದಾಡುವ ಸದ್ದು ಕೇಳಿತು. ನಾನು ಒಳಗೆ ನುಗ್ಗಿ, ಈ ವಯಸ್ಸಿನಲ್ಲಿ ಕಂಡವರ ಮುಂದೆ ಮಾನ ಕಳೀಬೇಡಿ ಎಂದು ರೇಗಿಸುತ್ತಲೇ ಗಂಟು ಹಾಕಿದೆ. ಇವರು ಗೋಡೆ ನೋಡುತ್ತ ನಿಂತರು.

ಕೋಣೆಯಲ್ಲಿ ಮಂದ ಬೆಳಕು. ನೆಲದ ಮೇಲೆ ಎರಡು ದಪ್ಪ ಹಾಸಿಗೆ, ನಡುವೆ ಒಂದು ಮೊಳ ಜಾಗ. ಇಬ್ಬರೂ ಬೋರಲು ಮಲಗಿದೆವು. ಹುಡುಗಿ ನನ್ನ ಪಾದದಿಂದ ಶುರುಮಾಡಿದಳು. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ಮೀನಖಂಡದಲ್ಲಿ ಎಷ್ಟೋ ವರ್ಷದಿಂದ ಬಿಗಿದುಕೊಂಡಿದ್ದ ನರ ಒಂದೊಂದೇ ಬಿಟ್ಟುಕೊಂಡಿತು. ಸೊಂಟದ ಮೇಲೆ ಮಂಡಿಯೂರಿ, ನನ್ನ ಎರಡೂ ಕೈ ಹಿಡಿದು ಹಿಂದಕ್ಕೆ ಎಳೆದಳು, ಬೆನ್ನು ಲಟಲಟ ಎಂದಿತು. ಟವೆಲು ಹಿಂಡಿ ಹಿಂಡಿ ಈ ಬೆನ್ನೂ ಹಿಂಡಿದ ಟವೆಲಾಗಿದೆ ಎಂದುಕೊಳ್ಳುತ್ತಿದ್ದವಳಿಗೆ, ಯಾರೋ ಅದನ್ನು ಕೊಡವಿ ಹರವಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಇಷ್ಟು ದಿನ ಯಾರೂ ಕೇಳದೇ ಇದ್ದದ್ದನ್ನು ಒಬ್ಬ ಗುರುತಿಲ್ಲದ ಹುಡುಗಿ ಕೇಳಿದಳಲ್ಲ ಎಂದು.

ಪಕ್ಕದಿಂದ ಇವರ ಧ್ವನಿ ಬಂತು. ದಿಂಬಿನಲ್ಲಿ ಮುಖ ಹುದುಗಿತ್ತು.

"ಇವಳೇ, ಈಯಮ್ಮನ ಹೆಬ್ಬೆರಳು ಕಬ್ಬಿಣ ಕಣೇ. ಈ ವಯಸ್ಸಲ್ಲೂ ಏನು ಒತ್ತಡ! ನನ್ನ ಕೈಲಿ ಯಾವತ್ತೂ ಇಷ್ಟು ಆಗಿಲ್ಲ."

ಹೊಗಳಿಕೆಯ ಮಾತು. ಆದರೆ ಕೊನೆಯ ಭಾಗ ಹೇಳುವಾಗ ಧ್ವನಿ ಇಳಿಯಿತು. ನಾನು ಕತ್ತು ತಿರುಗಿಸಿ ನೋಡಿದೆ. ಆಕೆ ಒತ್ತುತ್ತಿದ್ದದ್ದು ಹೆಬ್ಬೆರಳಿನಲ್ಲಿ ಅಲ್ಲ. ಮೊಣಕೈ ಮಡಿಸಿ, ಅದರ ತುದಿಯನ್ನು ಇವರ ಭುಜದ ಕೆಳಗೆ ಇಟ್ಟು, ಮೈಭಾರವನ್ನೆಲ್ಲ ನಿಧಾನವಾಗಿ ಅದರ ಮೇಲೆ ಬಿಡುತ್ತಿದ್ದಳು. ಬೆನ್ನಿಗೆ ಮುಂಗೈ, ತೊಡೆಗೆ ಮಂಡಿ, ಪಾದಕ್ಕೆ ತನ್ನ ಹಿಮ್ಮಡಿ. ಬೋರಲು ಬಿದ್ದ ಇವರಿಗೆ ಅದು ಹೇಗೆ ಕಾಣಬೇಕು? ನನಗೆ ಹೇಳಲು ನಾಲಿಗೆ ತುದಿಗೆ ಬಂತು, ತಡೆದುಕೊಂಡೆ.

ನಾನಿನ್ನೂ ಬೋರಲೇ ಇದ್ದೆ, ಇವರನ್ನು ಅಂಗಾತ ಮಲಗಿಸಿದ ಮೇಲೆ ಆಕೆ ಇವರ ಬಲಗೈ ತೆಗೆದುಕೊಂಡಳು. ಅಂಗೈ ಒತ್ತುತ್ತ ಒತ್ತುತ್ತ ಹೆಬ್ಬೆರಳಿನ ಬುಡಕ್ಕೆ ಬಂದಳು. ಇವರು ಹಲ್ಲು ಕಚ್ಚಿದರೂ ಬಾಯಿಂದ ಒಂದು ಸದ್ದು ಹೊರಬಿತ್ತು. ಸರ್ರನೆ ಕೈ ಎಳೆದು ಸೊಂಟದ ಕೆಳಗೆ ಸೇರಿಸಿಕೊಂಡು ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ನಿದ್ದೆ ನಟಿಸಿದೆ. ಆದರೆ ರೆಪ್ಪೆಯ ಸಂದಿ ಬಿಟ್ಟುಕೊಂಡಿದ್ದೆ.

ಆಕೆ ಬಲವಂತ ಮಾಡಲಿಲ್ಲ. ತನ್ನ ಬಲಗೈಯನ್ನು ಇವರ ಮುಖದ ಮುಂದೆ ಚಾಚಿ ಹೆಬ್ಬೆರಳು ತೋರಿಸಿದಳು. ಗೆಣ್ಣು ಶುಂಠಿಯ ಗಂಟಿನ ಹಾಗೆ ಊದಿತ್ತು, ತುದಿ ಒಳಕ್ಕೆ ಬಾಗಿತ್ತು. ಮಡಿಸಲು ನೋಡಿದಳು, ಮಡಿಸಲಾಗಲಿಲ್ಲ. ಆಮೇಲೆ ಮೊಣಕೈ ತಟ್ಟಿ ತೋರಿಸಿದಳು, ಮುಂಗೈ, ಮಂಡಿ, ಹಿಮ್ಮಡಿ ಒಂದೊಂದಾಗಿ ತಟ್ಟಿದಳು. ಇಷ್ಟೆಲ್ಲ ಇದೆಯಲ್ಲ ಎನ್ನುವ ಹಾಗೆ ಎರಡೂ ಕೈ ಅಗಲಿಸಿ ನಕ್ಕಳು.

ಇವರು ಎದ್ದು ಕೂತರು. ಆಕೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಆ ಹೆಬ್ಬೆರಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಅದರ ಪಕ್ಕಕ್ಕೆ ಇಟ್ಟು ತೋರಿಸಿದರು. ಎಂಟು ತಿಂಗಳಿಂದ ನನ್ನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟದ್ದನ್ನು ನಮ್ಮ ಮಾತು ಬಾರದ ಹೆಂಗಸಿಗೆ ತೋರಿಸಿದರಲ್ಲ, ನನಗೆ ಆಗ ಒಂದು ಚೂರೂ ಸಿಟ್ಟು ಬರಲಿಲ್ಲ. ಇವರ ಭುಜ ಕುಲುಕುತ್ತಿತ್ತು. ಆಕೆ ಬೆನ್ನು ಸವರುತ್ತ ಕೂತಳು, ನನ್ನ ಹುಡುಗಿಯೂ ಕೈ ನಿಲ್ಲಿಸಿದಳು.

ಅತ್ತು ಮುಗಿದ ಮೇಲೆ ಇವರೊಳಗಿನ ಕಸುಬುದಾರ ಎದ್ದ. ಮೊಣಕೈ ಮಡಿಸಿ, ಹೇಗೆ ಇಡುವುದು ಎಂದು ಸನ್ನೆಯಲ್ಲೇ ಕೇಳಿದರು. ಆಕೆ ಅತ್ತಿತ್ತ ನೋಡಿ ನನ್ನ ಬೆನ್ನು ತೋರಿಸಿದಳು. ನನ್ನ ಅಪ್ಪಣೆ ಯಾರು ಕೇಳಬೇಕು! ಇವರು ಪಕ್ಕದಲ್ಲಿ ಮಂಡಿಯೂರಿ ಮೊಣಕೈ ಊರಿದ ಹೊಡೆತಕ್ಕೆ ನಾನು ಅಮ್ಮಾ ಎಂದೆ. ಆಕೆ ಇವರ ಭುಜಕ್ಕೆ ಪಟ್ಟೆಂದು ಒಂದು ಕೊಟ್ಟಳು. ಬೀದಿಯಲ್ಲಿ ಯಾರೂ ಎದುರುತ್ತರ ಕೊಡದ ಬೆರಳಣ್ಣ ತಲೆ ತಗ್ಗಿಸಿ ಮತ್ತೆ ಇಟ್ಟರು. ಈ ಸಲ ನಿಧಾನ. ಆಕೆ ಇವರ ಮೊಣಕೈ ಹಿಡಿದು ಉಸಿರು ಬಿಡುವಾಗ ಒತ್ತಲು, ಎಳೆಯುವಾಗ ಸಡಿಲಿಸಲು ಕಲಿಸಿದಳು. ಮೂರನೆಯ ಸಲಕ್ಕೆ ಸರಿಯಾದ ಜಾಗ ಸಿಕ್ಕಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಗಂಡ ನನ್ನ ಬೆನ್ನು ಒತ್ತಿದರು. ನಾನು ದಿಂಬಿಗೆ ಮುಖ ಒತ್ತಿಕೊಂಡು ಮಲಗಿದೆ.

ಸಂಜೆ ಲಾಡ್ಜಿಗೆ ನಡೆದುಕೊಂಡೇ ಬಂದೆವು. ಕೋಣೆಗೆ ಬಂದು ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಇವರು ಕಿಟಕಿಯ ಕಟ್ಟೆಯಿಂದ ಬಾಟಲಿ ಎತ್ತಿಕೊಂಡು ನಿಂತಿದ್ದರು. ನನ್ನ ಮುಂದೆ ಚಾಚಿದರು.

"ಇದನ್ನ ಸ್ವಲ್ಪ ತೆಗೆದು ಕೊಡು. ನನ್ನ ಕೈಲಿ ಆಗ್ತಿಲ್ಲ."

ಆಗ್ತಿಲ್ಲ ಎನ್ನುವ ಮಾತು ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮುಚ್ಚಳ ತಿರುವಿ ಕೊಟ್ಟೆ.

"ಎಂಟು ತಿಂಗಳಿಂದ ದಿನಾ ಸಡಿಲ ಮಾಡಿ ಇಡ್ತಿದ್ದೆ ನೀನು," ಎಂದರು.

"ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ ಗೊತ್ತಾಯ್ತು. ಮುಚ್ಚಳ ಏನು ತಾನಾಗೇ ಸಡಿಲ ಆಗುತ್ತಾ?"

"ಮತ್ತೆ ಹೇಳೋಕೇನಾಗಿತ್ತು ರೀ ನಿಮಗೆ?"

"ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಭಯ. ಬೆರಳೇ ಹೋದ ಮೇಲೆ ಬೆರಳಣ್ಣನ್ನ ಯಾರು ಕೇಳ್ತಾರೆ?"

"ನಾನು ಕೇಳಲ್ವಾ?" ಎಂದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು.

ಇವರು ತಲೆ ತಗ್ಗಿಸಿದರು. ಬ್ಯಾಗಿನಲ್ಲಿ ಒಂದು ರಟ್ಟು ಇದೆ ಎಂದು ಶುರುಮಾಡಿದರು. ನೋಡಿದ್ದೇನೆ, ಆ ಅಕ್ಷರ ನೋಡಿದರೆ ಯಾರೂ ಒಳಗೆ ಬಂದು ವಿಚಾರಿಸುವುದಿಲ್ಲ ಬಿಡಿ ಎಂದೆ. ಇವರಿಗೆ ನಗು ಬಂತು, ನನಗೂ ಬಂತು, ಜೊತೆಗೆ ಅಳುವೂ ಬಂತು. ಮಾಲೀಷಿಗೇನೋ ಮೊಣಕೈ ಇದೆ, ಕತ್ತರಿಗೇನು ಮಾಡುತ್ತೀರಿ ಎಂದು ಕೇಳಿದೆ. ಕೂದಲು ಕತ್ತರಿಸುವ ಮಶೀನು ಕಂಡರೆ ಇವರಿಗೆ ಆಗದು, ಅದು ಕುರಿಗೆ ಸರಿ ಎಂದು ಯಾವಾಗಲೂ ಹಂಗಿಸುವವರು. ಮಶೀನಾದರೆ ಮುಷ್ಟಿಯಲ್ಲಿ ಹಿಡಿದರೆ ಸಾಕಲ್ಲ, ಊರಿಗೆ ಹೋದಮೇಲೆ ಒಂದು ತರೋಣ, ಬಂದವರನ್ನೆಲ್ಲ ಕುರಿ ಅಂದುಕೊಂಡರಾಯಿತು ಎಂದರು.

ಆಮೇಲೆ ಮಂಚದ ತುದಿಯಲ್ಲಿ ಕೂತು ನನ್ನನ್ನು ಕೆಳಗೆ, ತಮ್ಮ ಮಂಡಿಗೆ ಒರಗಿ ಕೂರುವಂತೆ ಹೇಳಿದರು. ಅಂಗೈಗೆ ಎಣ್ಣೆ ಸುರಿದುಕೊಂಡರು. ಅಂಗೈಯ ಬುಡದಿಂದ ನೆತ್ತಿ ತಿಕ್ಕಿದರು, ಮುಂಗೈಯನ್ನು ಕತ್ತಿನ ಹಿಂದಿನ ಗುಳಿಗೆ ಇಟ್ಟು, ನಾನು ಉಸಿರು ಬಿಡುವುದನ್ನು ಕಾದು, ಮೆಲ್ಲಗೆ ಭಾರ ಬಿಟ್ಟರು. ನೋವಾದರೆ ಹೇಳು ಎಂದರು. ನೀವೂ ಹೇಳಿ ಎಂದೆ. ಹೂಂ ಎಂದರು. ಆ ಮೇಲಿನದು ನನಗೆ ನೆನಪಿಲ್ಲ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದೆನಂತೆ.

ಈಗ ಅಂಗಡಿ ನಡೆಯುತ್ತಿದೆ. ನಾನು ದಿನಾ ಬೆಳಿಗ್ಗೆ ಬಾಟಲಿಗೆ ಎಣ್ಣೆ ತುಂಬಿಸಿ ಮುಚ್ಚಳವನ್ನು ಬಿಗಿಯಾಗಿ ಹಾಕುತ್ತೇನೆ. ಅಂಗಡಿಗೆ ಹೊರಡುವ ಮುಂಚೆ, ಇದನ್ನ ಸ್ವಲ್ಪ ತೆಗೆದು ಕೊಡು ಎಂದು ನನ್ನನ್ನು ಕರೆಯುತ್ತಾರೆ.